ಯಾವ ಆನೆ, ಎಷ್ಟು ಟನ್?

'ಮೂವತ್ತು ಆನೆಗಳಷ್ಟು ಭಾರ' ಅಂತ ಎಲ್ಲಾದರೂ ಓದಿದರೆ ನನಗೆ ಸಣ್ಣಗೆ ಕಿರಿಕಿರಿಯಾಗುತ್ತದೆ. ನಾನು ವೇಬ್ರಿಡ್ಜ್‌ನಲ್ಲಿ ಕೂತು ಲಾರಿ ತೂಗುವವನು, ಅದಕ್ಕೇ ಇರಬೇಕು. ಯಾವ ಆನೆ ಸ್ವಾಮಿ? ಇವತ್ತು ಹುಟ್ಟಿದ ಮರಿಯೂ ಆನೆಯೇ, ಅದು 100 ಕೆಜಿ ಆಸುಪಾಸು ಇರುತ್ತದೆ. ಏಷ್ಯಾದ ಬೆಳೆದ ಗಂಡಾನೆ 4 ಟನ್ ತೂಗುತ್ತದೆ. ಆಫ್ರಿಕಾದ ಸಲಗ 6 ಟನ್. ಅಂದರೆ ಮೂವತ್ತು ಆನೆ 3 ಟನ್ನೂ ಆಗಬಹುದು, 180 ಟನ್ನೂ ಆಗಬಹುದು. ಇಂಥ ಚೀಟಿ ನಾನು ಬರೆದುಕೊಟ್ಟರೆ ಡ್ರೈವರ್ ನನ್ನ ಮುಖಕ್ಕೇ ಎಸೆದು ಹೋಗುತ್ತಾನೆ.

ಅದು ಹೋಗಲಿ. ನನ್ನ ನಿಜವಾದ ತಕರಾರು ಬೇರೆ. ಆನೆಯನ್ನು ಯಾರೂ ಎತ್ತಿ ನೋಡಿಲ್ಲ. ತೂಕ ಅನ್ನುವುದು ತೋಳಿಗೆ, ಸೊಂಟಕ್ಕೆ ಗೊತ್ತಾಗುವ ವಿಷಯ. ಕಣ್ಣಿಗೆ ಅದು ಕಾಣುವುದಿಲ್ಲ. ತೋಳಿಗಾದರೂ ಎಷ್ಟರವರೆಗೆ ಗೊತ್ತಾಗುತ್ತದೆ? 50 ಕೆಜಿ ಸಿಮೆಂಟ್ ಚೀಲದವರೆಗೆ ಅನ್ನಿ. ಅದರಾಚೆಗೆ ನಮ್ಮ ಮೈಗೆ ಎಲ್ಲವೂ ಒಂದೇ: 'ಅಬ್ಬಾ, ಭಾರ'. 300 ಕೆಜಿಯ ತಿಜೋರಿ ತಳ್ಳಿದರೂ ಅಲ್ಲಾಡುವುದಿಲ್ಲ, 3 ಟನ್ನಿನ ಬಂಡೆ ತಳ್ಳಿದರೂ ಅಲ್ಲಾಡುವುದಿಲ್ಲ. ಹತ್ತು ಪಟ್ಟು ವ್ಯತ್ಯಾಸ ಸದ್ದಿಲ್ಲದೆ ಮಾಯ.

ಎತ್ತಬಹುದಾದ ವಸ್ತುಗಳಲ್ಲೂ ಕೈ ಮೋಸ ಹೋಗುತ್ತದೆ. ಒಂದೇ ತೂಕದ ಎರಡು ಡಬ್ಬ ತಗೊಳ್ಳಿ, ಒಂದು ದೊಡ್ಡದು, ಒಂದು ಚಿಕ್ಕದು. ಎತ್ತಿದರೆ ಚಿಕ್ಕದೇ ಭಾರ ಅನ್ನಿಸುತ್ತದೆ. ಫ್ರಾನ್ಸಿನ ವೈದ್ಯ ಶಾರ್ಪಾಂಟಿಯೆ 1891ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ತಮಾಷೆ ಏನೆಂದರೆ, ಎರಡೂ ಒಂದೇ ತೂಕ ಅಂತ ತಕ್ಕಡಿಯಲ್ಲಿ ತೋರಿಸಿದ ಮೇಲೂ ಹಾಗೇ ಅನ್ನಿಸುತ್ತದೆ. ಮನೆ ಸಾಮಾನು ಸಾಗಿಸುವ ಹುಡುಗರಿಗೆ ಇನ್ನೊಂದು ಗೊತ್ತು. ಆಳೆತ್ತರದ ಫ್ರಿಜ್‌ಗಿಂತ ಅದರ ಪಕ್ಕದ ಗಿಡ್ಡ ವಾಷಿಂಗ್ ಮಷಿನ್ ಹೆಚ್ಚು ಕಾಡಿಸುತ್ತದೆ. ಫ್ರಿಜ್ ಒಳಗೆ ಬರೀ ಗಾಳಿ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಒಳಗೆ ಕಾಂಕ್ರೀಟ್ ಗಟ್ಟಿ ಕೂರಿಸಿರುತ್ತಾರೆ, ಡ್ರಮ್ ಜೋರಾಗಿ ತಿರುಗುವಾಗ ಇಡೀ ಯಂತ್ರ ಕುಣಿಯದಿರಲಿ ಅಂತ.

ಹಾಗಾದರೆ ಆನೆಯ ತೂಕ ಅರ್ಥವಾಗುವುದು ಹೇಗೆ? ನನ್ನ ಉತ್ತರ ಒಂದೇ: ನೀರಿನಿಂದ ಹೊರಡಿ.

ಒಂದು ಲೀಟರ್ ನೀರು ಒಂದು ಕೆಜಿ. ಇದು ಕಾಕತಾಳೀಯ ಅಲ್ಲ. ಫ್ರಾನ್ಸಿನವರು 1790ರ ದಶಕದಲ್ಲಿ ಅಳತೆಗಳನ್ನು ಹೊಸದಾಗಿ ಮಾಡಿದಾಗ ನೀರನ್ನೇ ಹಿಡಿದು ತೂಕ ಗೊತ್ತುಮಾಡಿದರು. ಆಮೇಲೆ ಪ್ಲಾಟಿನಂ ಇರಿಡಿಯಂ ಮಿಶ್ರಲೋಹದ ಗಟ್ಟಿಯೊಂದು ಬಂತು. 1889ರಿಂದ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿದ್ದ ಅದೇ ಜಗತ್ತಿನ ಕಿಲೋ ಆಗಿತ್ತು. ಎತ್ತರ 39 ಮಿಲಿಮೀಟರ್, ಅಗಲವೂ ಅಷ್ಟೇ. ಮುಷ್ಟಿಯೊಳಗೆ ಅಡಗುವ ಒಂದು ಕೆಜಿ! 2019ರಲ್ಲಿ ಅದಕ್ಕೂ ನಿವೃತ್ತಿ ಆಯಿತು. ಈಗ ಕಿಲೋವನ್ನು ಪ್ಲ್ಯಾಂಕ್ ಸ್ಥಿರಾಂಕ ಅನ್ನುವ, ಎಂದೂ ಬದಲಾಗದ ಭೌತಶಾಸ್ತ್ರದ ಸಂಖ್ಯೆಯೊಂದಕ್ಕೆ ಕಟ್ಟಿದ್ದಾರೆ. ನಮ್ಮ ಲೆಕ್ಕಕ್ಕೆ ನೀರೇ ಸಾಕು.

ಆಫೀಸುಗಳಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇರುತ್ತದಲ್ವಾ? ತುಂಬಿದ ಕ್ಯಾನ್ ಅಂದರೆ 20 ಕೆಜಿ ಚಿಲ್ಲರೆ. ಒಮ್ಮೆ ಎತ್ತಿದವರಿಗೆ ಮರೆಯುವುದಿಲ್ಲ. ಇನ್ನು ಒಂದು ತೊಟ್ಟಿ ಊಹಿಸಿಕೊಳ್ಳಿ. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್, ಎತ್ತರ ಒಂದು ಮೀಟರ್. ನಿಂತರೆ ಸೊಂಟದ ಹತ್ತಿರ ಬರುತ್ತದೆ, ಅಷ್ಟೇ. ಅಂಚಿನವರೆಗೆ ನೀರು ತುಂಬಿದರೆ 1000 ಕೆಜಿ, ಅಂದರೆ ಒಂದು ಟನ್. ಐವತ್ತು ಕ್ಯಾನ್. ಹೆಚ್ಚುಕಮ್ಮಿ ಒಂದು ಸಣ್ಣ ಕಾರು. ಕಾರು ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಅದರಲ್ಲೂ ಬಹುಪಾಲು ಗಾಳಿಯೇ.

ಪ್ರಾಣಿಗಳ ವಿಷಯದಲ್ಲಿ ಈ ತೊಟ್ಟಿ ಯಾಕೆ ಉಪಯೋಗ ಅಂದರೆ, ಜೀವ ಇರುವ ಮೈ ಹೆಚ್ಚುಕಮ್ಮಿ ನೀರಿನಷ್ಟೇ ಭಾರ. ಈಜು ಬರುವವರು ನೋಡಿರುತ್ತೀರಿ. ಉಸಿರು ತುಂಬಿಕೊಂಡರೆ ತೇಲುತ್ತೀರಿ, ಬಿಟ್ಟರೆ ನಿಧಾನಕ್ಕೆ ಮುಳುಗುತ್ತೀರಿ. ಅಷ್ಟು ಹತ್ತಿರ. ಅದಕ್ಕೇ 60 ಕೆಜಿಯ ಮನುಷ್ಯ ಅಂದರೆ ಸುಮಾರು 60 ಲೀಟರ್ ಜಾಗ, ಮೂರು ಕ್ಯಾನ್. ಬೆಳೆದ ಗಂಡು ಹುಲಿ 200 ಕೆಜಿ ಅಂದುಕೊಂಡರೆ ಹತ್ತು ಕ್ಯಾನ್. ಸವಾರಿ ಕುದುರೆ ಅರ್ಧ ತೊಟ್ಟಿ. ಗಂಡು ಜಿರಾಫೆ ಒಂದು ತೊಟ್ಟಿ ದಾಟುತ್ತದೆ, ಬಿಳಿ ಘೇಂಡಾಮೃಗ ಎರಡು ದಾಟುತ್ತದೆ. ಏಷ್ಯಾದ ಗಂಡಾನೆ ನಾಲ್ಕು ತೊಟ್ಟಿ. ಎರಡು ತೊಟ್ಟಿ ಉದ್ದಕ್ಕೆ ಇಟ್ಟು ಮೇಲೆ ಇನ್ನೆರಡು ಇಡಿ. ಕಾಲು ಸೊಂಡಿಲು ಬಿಟ್ಟರೆ ಆನೆಯ ಮೈ ನಿಮ್ಮ ಮುಂದೆ ನಿಂತ ಹಾಗೆ.

ಹಕ್ಕಿಗಳು ಮಾತ್ರ ಈ ಲೆಕ್ಕ ಕೆಡಿಸುತ್ತವೆ. ಕಾಣುವುದೆಲ್ಲ ಮೈ ಅಲ್ಲ, ಗರಿ. ಅಲೆಮಾರಿ ಆಲ್ಬಟ್ರಾಸ್ ಕಡಲಹಕ್ಕಿ ರೆಕ್ಕೆ ಬಿಚ್ಚಿದರೆ 3 ಮೀಟರ್. ತೂಕ ನೋಡಿದರೆ ಅರ್ಧ ಕ್ಯಾನ್ ಆಸುಪಾಸು!

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಪ್ರಾಣಿ ಎರಡು ಪಟ್ಟು ಎತ್ತರ ಇದ್ದರೆ ತೂಕವೂ ಎರಡು ಪಟ್ಟು ಅಂದುಕೊಳ್ಳುತ್ತೇವೆ. ಇಲ್ಲ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ಎರಡು ಎರಡಲಿ ನಾಲ್ಕು, ನಾಲ್ಕು ಎರಡಲಿ ಎಂಟು. ಎಂಟು ಪಟ್ಟು. ಆದರೆ ಆ ತೂಕ ಹೊರುವ ಮೂಳೆಯ ದಪ್ಪ, ಅಂದರೆ ಅಡ್ಡ ಕೊಯ್ದರೆ ಕಾಣುವ ಅಳತೆ, ನಾಲ್ಕು ಪಟ್ಟು ಮಾತ್ರ. ಗೆಲಿಲಿಯೋ 1638ರಲ್ಲಿ ಇದನ್ನು ಚಿತ್ರ ಸಮೇತ ವಿವರಿಸಿದ್ದ. ಆನೆಯ ಕಾಲು ಕಂಬದ ಹಾಗೆ ನೆಟ್ಟಗೆ ಇರುವುದು, ಜಿಂಕೆಯ ಕಾಲು ಕಡ್ಡಿಯ ಹಾಗಿದ್ದರೂ ನಡೆಯುವುದು ಇದಕ್ಕೇ. ಆನೆ ಎಷ್ಟೇ ಜೋರಾಗಿ ಓಡಿದರೂ ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಡುವುದಿಲ್ಲ.

ಆನೆಗಳನ್ನು ನಿಜಕ್ಕೂ ತೂಗುವುದು ನಮ್ಮಂಥ ವೇಬ್ರಿಡ್ಜ್ ಮೇಲೇ. ಕಬ್ಬಿಣದ ದೊಡ್ಡ ಹಾಸು, ಕೆಳಗೆ ಲೋಡ್ ಸೆಲ್‌ಗಳು. ಒಂದೊಂದೂ ಗಟ್ಟಿ ಉಕ್ಕಿನ ತುಂಡು. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿದ ತೆಳು ತಂತಿ ಅಷ್ಟೇ ಹಿಗ್ಗುತ್ತದೆ, ಅದರಲ್ಲಿ ಕರೆಂಟ್ ಹರಿಯುವ ರೀತಿ ಸ್ವಲ್ಪ ಬದಲಾಗುತ್ತದೆ. ಆ ಸ್ವಲ್ಪವನ್ನೇ ಯಂತ್ರ ಟನ್ ಮಾಡಿ ತೋರಿಸುತ್ತದೆ. ನನ್ನ ಪರದೆ 10 ಕೆಜಿಗೊಮ್ಮೆ ನೆಗೆಯುತ್ತದೆ. ಡ್ರೈವರ್ ಕೆಳಗೆ ಇಳಿದರೆ 70 ಕಮ್ಮಿ, ಹತ್ತಿದರೆ 70 ಜಾಸ್ತಿ. ಒಳ್ಳೆಯ ಮಳೆ ಬಂದು ಹಾಸಿನ ಮೇಲೆ ನೀರು ನಿಂತರೆ ಖಾಲಿ ಹಾಸೇ ತೂಕ ತೋರಿಸುತ್ತದೆ. ಗುಡಿಸಿ, ಸೊನ್ನೆಗೆ ತಂದು, ಆಮೇಲೆ ಮುಂದಿನ ಗಾಡಿ. ತಲೆ ಕೆಡಿಸುವುದು ಅರ್ಧ ತುಂಬಿದ ಟ್ಯಾಂಕರ್. ಗಾಡಿ ನಿಂತರೂ ಒಳಗಿನ ನೀರು ನಿಲ್ಲುವುದಿಲ್ಲ, ಅಂಕಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆನೆಯೂ ಹಾಗೇ, ನಿಂತಲ್ಲೇ ತೂಗಾಡುವ ಪ್ರಾಣಿ. ತೂಗುವವರು ಕಾಯಬೇಕು, ಅಷ್ಟೇ.

ಅಂದಹಾಗೆ, ಆರು ಚಕ್ರದ ಖಾಲಿ ಲಾರಿ ಐದಾರು ಟನ್ ಬರುತ್ತದೆ. ಆಫ್ರಿಕಾದ ಸಲಗವೂ ಅಷ್ಟೇ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಲಾರಿಯೇ ಭಾರ ಅಂತ ಯಾರಾದರೂ ಹೇಳುತ್ತಾರೆ.

ಯಂತ್ರ ಇಲ್ಲದ ಕಾಲದಲ್ಲೂ ಆನೆ ತೂಗಿದ ಕಥೆ ಇದೆ. ಚೀನಾದಲ್ಲಿ ಸುಮಾರು 1800 ವರ್ಷ ಹಿಂದೆ ಬದುಕಿದ್ದ ಚಾವ್ ಚೋಂಗ್ ಅನ್ನುವ ಹುಡುಗನ ಹೆಸರಿನಲ್ಲಿ ಅದನ್ನು ಹೇಳುತ್ತಾರೆ. ಆನೆಯನ್ನು ದೋಣಿಗೆ ಹತ್ತಿಸಿ, ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ಗುರುತು ಹಾಕು. ಆನೆ ಇಳಿಸು. ಅದೇ ಗುರುತಿನವರೆಗೆ ದೋಣಿ ಮುಳುಗುವಷ್ಟು ಕಲ್ಲು ತುಂಬು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ತೂಗು. ಕಥೆ ನಿಜವೋ ಅಲ್ಲವೋ, ವಿಧಾನದಲ್ಲಿ ಒಂದು ತಪ್ಪೂ ಇಲ್ಲ. ಇಲ್ಲೂ ಕೆಲಸ ಮಾಡಿದ್ದು ನೀರೇ ನೋಡಿ. ತಕ್ಕಡಿ ಮೇಲೆ ನಿಲ್ಲದ ಬೆಕ್ಕಿಗೆ ಇಷ್ಟೆಲ್ಲ ಬೇಡ. ಎತ್ತಿಕೊಂಡು ನೀವೇ ನಿಲ್ಲಿ, ಅದು ಗ್ರಾಸ್. ಇಳಿಸಿ ಒಬ್ಬರೇ ನಿಲ್ಲಿ, ಅದು ಟೇರ್. ಕಳೆದರೆ ಬೆಕ್ಕು ನೆಟ್. ದಿನವಿಡೀ ನಾನು ಮಾಡುವುದೂ ಇದನ್ನೇ.

ನೀಲಿ ತಿಮಿಂಗಿಲಕ್ಕೆ ಬಂದರೆ ಎಲ್ಲ ವಿಧಾನವೂ ಕೈಚೆಲ್ಲುತ್ತದೆ. 25 ಮೀಟರ್ ಉದ್ದ, 100 ಟನ್‌ಗೂ ಮೇಲೆ. ನೂರು ತೊಟ್ಟಿ ನೀರು. ಆಫ್ರಿಕಾದ ಸಲಗಕ್ಕಿಂತ ಉದ್ದದಲ್ಲಿ ನಾಲ್ಕು ಪಟ್ಟಷ್ಟೇ, ತೂಕದಲ್ಲಿ ಹದಿನೈದು ಪಟ್ಟಿಗೂ ಜಾಸ್ತಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ತೂಗುಹಾಕಿರುವ ಒಂದರ ಅಸ್ಥಿಪಂಜರವೇ 4.5 ಟನ್, ಬರೀ ಮೂಳೆ. ಅದರ ಮರಿ ಹುಟ್ಟುವಾಗಲೇ ಎರಡೂವರೆ ಟನ್, ಆಮೇಲೆ ದಿನಕ್ಕೆ ಸುಮಾರು 90 ಕೆಜಿ ಏರುತ್ತದೆ. ಗಂಟೆಗೆ ನಾಲ್ಕು ಕೆಜಿ ಹತ್ತಿರ! ನೀರು ಸುತ್ತಲಿಂದ ಎತ್ತಿ ಹಿಡಿಯುವುದರಿಂದ ಇದೆಲ್ಲ ನಡೆಯುತ್ತದೆ. ದಡಕ್ಕೆ ಬಂದು ಬಿದ್ದರೆ ಅದರ ಮೈಭಾರವೇ ಅದನ್ನು ಅಮುಕುತ್ತದೆ.

ನನ್ನ ಹಾಸಿನ ಮಿತಿ 60 ಟನ್. ತಿಮಿಂಗಿಲ ತಂದರೆ ಕಂತಿನಲ್ಲಿ ತೂಗಬೇಕು. ಹಿಂದೆ ತಿಮಿಂಗಿಲ ಬೇಟೆಯ ಕಾಲದಲ್ಲಿ ಮಾಡಿದ್ದೂ ಅದನ್ನೇ, ತುಂಡು ತುಂಡು ಕೊಯ್ದು ತೂಗಿ ಕೂಡಿಸುತ್ತಿದ್ದರು. ಕೊಯ್ಯುವಾಗ ಹರಿದುಹೋದ ರಕ್ತಕ್ಕೆ ಅಂದಾಜಿನಲ್ಲಿ ಒಂದಿಷ್ಟು ಸೇರಿಸುತ್ತಿದ್ದರು. ಹಾಗಾಗಿ ನೀಲಿ ತಿಮಿಂಗಿಲದ ತೂಕ ಇಷ್ಟೇ ಅಂತ ಎಲ್ಲಾದರೂ ಖಡಕ್ಕಾಗಿ ಬರೆದಿದ್ದರೆ, ಅಂಕಿಯ ಹಿಂದೆ 'ಸುಮಾರು' ಅಂತ ನೀವೇ ಸೇರಿಸಿಕೊಂಡು ಓದಿ.