ಮೊದಲು ಸಮಯ, ಆಮೇಲೆ ಜಾಗ: ಡೇಟೋನಾ ಬೀಚಿನ ಹೋಟೆಲ್ ಡೆಸ್ಕಿನಲ್ಲಿ ಕಲಿತದ್ದು

ಅಮೆರಿಕದ ಫ್ಲಾರಿಡಾದಲ್ಲಿರುವ ಡೇಟೋನಾ ಬೀಚಿನಲ್ಲಿ, ಸಮುದ್ರದ ದಡದ ಹೋಟೆಲೊಂದರ ಫ್ರಂಟ್ ಡೆಸ್ಕಿನಲ್ಲಿ ನನ್ನ ಕೆಲಸ. ರೂಮಿನ ಕೀ ಕೈಗೆ ಬಂದ ಕೂಡಲೇ ಜನ ಕೇಳುವುದು ಎರಡೇ: ಏನು ನೋಡೋದು, ಎಲ್ಲಿ ಊಟ ಮಾಡೋದು? ಹೊಸದಾಗಿ ಕೆಲಸಕ್ಕೆ ಸೇರಿದವರು ಇದಕ್ಕೆ ಒಂದು ಪಟ್ಟಿ ಒಪ್ಪಿಸಿಬಿಡುತ್ತಾರೆ. ರೇಸ್ ಟ್ರ್ಯಾಕ್, ಪಿಯರ್, ಲೈಟ್‌ಹೌಸ್, ನಾಲ್ಕು ರೆಸ್ಟೋರೆಂಟ್. ಅದು ಫೋನಿನಲ್ಲೂ ಸಿಗುತ್ತದೆ, ಅಲ್ವಾ? ಇದೇ ಊರಲ್ಲಿ ಹುಟ್ಟಿ ಬೆಳೆದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಬೇರೆಯದನ್ನೇ ಕಲಿಸಿದರು. ಜಾಗದ ಹೆಸರು ಹೇಳುವ ಮುಂಚೆ, ಎಷ್ಟು ಹೊತ್ತಿಗೆ ಹೊರಡ್ತೀರಿ, ಜೊತೆಗೆ ಯಾರಿದ್ದಾರೆ ಅಂತ ಕೇಳಬೇಕು. ನನ್ನ ಕೆಲಸದ ಮುಕ್ಕಾಲು ಪಾಲು ಈ ಎರಡು ಪ್ರಶ್ನೆಗಳ ಮೇಲೇ ನಿಂತಿದೆ.

ಬೀಚನ್ನೇ ತೆಗೆದುಕೊಳ್ಳಿ. ಇಲ್ಲಿ ಕೆಲವು ಕಡೆ ದುಡ್ಡು ಕಟ್ಟಿ ಕಾರನ್ನು ಮರಳಿನ ಮೇಲೇ ಓಡಿಸಬಹುದು. ವೇಗದ ಮಿತಿ ಗಂಟೆಗೆ 10 ಮೈಲಿ. ಒರ್ಲಾಂಡೊ ನೋಡಿಕೊಂಡು ಬರುವ ನಮ್ಮ ಕಡೆಯ ಕುಟುಂಬಗಳಿಗೆ ಇದೇ ದೊಡ್ಡ ಆಸೆ. ಆದರೆ ಅಲೆ ಬಂದು ಹೋಗಿ ಒದ್ದೆಯಾದ ಮರಳು ಮಾತ್ರ ಗಟ್ಟಿ. ಅದರಾಚೆಯ ಒಣ ಮರಳಿಗೆ ಇಳಿದರೆ ಚಕ್ರ ಹೂತುಕೊಳ್ಳುತ್ತದೆ. ಸಮುದ್ರ ಉಬ್ಬರದಲ್ಲಿದ್ದರೆ ಗಟ್ಟಿ ಮರಳೇ ಮುಳುಗುತ್ತದೆ, ಕಾರು ಇಳಿಯುವ ದಾರಿಗಳನ್ನು ಮುಚ್ಚುತ್ತಾರೆ. ಹಾಗಾಗಿ ನಮ್ಮ ಡೆಸ್ಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವ ಕಾಗದ ಅಂದರೆ ಉಬ್ಬರವಿಳಿತದ ವೇಳಾಪಟ್ಟಿ. ಬೆಳಗ್ಗೆ ಡ್ಯೂಟಿಗೆ ಬಂದ ತಕ್ಷಣ ಅವತ್ತಿನ ವೇಳೆಯನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ನೀರು ಇಳಿಯುವ ಹೊತ್ತು ನೋಡಿಕೊಂಡು ಹೋದವರಿಗೆ ದಡ ರಸ್ತೆಯಷ್ಟು ಅಗಲವಾಗಿ ಸಿಗುತ್ತದೆ.

ಈ ಊರಿಗೆ ರೇಸಿನ ಹೆಸರು ಬಂದದ್ದೂ ಅದೇ ಗಟ್ಟಿ ಮರಳಿನಿಂದ. 1935ರಲ್ಲಿ ಬ್ರಿಟನ್ನಿನ ಮಾಲ್ಕಮ್ ಕ್ಯಾಂಪ್‌ಬೆಲ್ ಇಲ್ಲಿನ ದಡದ ಮೇಲೆ ಗಂಟೆಗೆ 276 ಮೈಲಿಗೂ ಮೀರಿದ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದರು. ಮರುವರ್ಷದಿಂದ 1958ರವರೆಗೆ ಅರ್ಧ ದಡ, ಅರ್ಧ ಡಾಂಬರು ರಸ್ತೆ ಸೇರಿಸಿ ಮಾಡಿದ ಹಾದಿಯಲ್ಲಿ ರೇಸ್ ನಡೆಯುತ್ತಿತ್ತು. ರೇಸ್ ನಡೆಸುವವರೂ ಸಮುದ್ರದ ಇಳಿತ ನೋಡಿಯೇ ರೇಸಿನ ಹೊತ್ತು ಗೊತ್ತು ಮಾಡುತ್ತಿದ್ದರು! ಕಾರುಗಳು ದಡದಿಂದ ರಸ್ತೆಗೆ ತಿರುಗುತ್ತಿದ್ದ ಜಾಗದಲ್ಲೇ ಈಗ ರೇಸಿಂಗ್ಸ್ ನಾರ್ತ್ ಟರ್ನ್ ಎಂಬ ರೆಸ್ಟೋರೆಂಟ್ ಇದೆ. ಗೋಡೆ ತುಂಬ ಆ ಕಾಲದ ಫೋಟೋಗಳು, ಎದುರಿಗೆ ಅದೇ ದಡ. ಇತಿಹಾಸ ಇಷ್ಟಪಡುವ ಅತಿಥಿ ಸಿಕ್ಕರೆ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಕಳಿಸುತ್ತೇನೆ. ನನಗೆ ತುಂಬ ಪ್ರೀತಿಯ ಜಾಗ ಅದು.

ಊರಿನ ರೇಸ್ ಟ್ರ್ಯಾಕ್ ಆದ ಸ್ಪೀಡ್‌ವೇ ಬಗ್ಗೆ ಜನ ಒಂದು ತಪ್ಪು ತಿಳಿದುಕೊಂಡಿರುತ್ತಾರೆ. ರೇಸ್ ಇಲ್ಲದ ದಿನ ಅಲ್ಲಿ ನೋಡಲು ಏನಿದೆ ಅಂತ ಕೇಳುತ್ತಾರೆ. ನಾನು ಹೇಳುವುದು, ರೇಸ್ ಇಲ್ಲದ ದಿನವೇ ಟ್ರ್ಯಾಕನ್ನು ಹತ್ತಿರದಿಂದ ನೋಡಲು ಸರಿ. ಟ್ರ್ಯಾಮಿನಲ್ಲಿ ಕೂರಿಸಿಕೊಂಡು ಒಳಗೆಲ್ಲ ಸುತ್ತಿಸುತ್ತಾರೆ. ಒಂದು ಸುತ್ತು ಎರಡೂವರೆ ಮೈಲಿ. ತಿರುವುಗಳಲ್ಲಿ ಟ್ರ್ಯಾಕ್ 31 ಡಿಗ್ರಿ ಓರೆ. ಟಿವಿಯಲ್ಲಿ ಅದು ಚಪ್ಪಟೆಯಾಗಿ ಕಾಣುತ್ತದೆ, ಬುಡದಲ್ಲಿ ನಿಂತು ನೋಡಿದರೆ ಎದುರಿಗೆ ಡಾಂಬರಿನ ಗುಡ್ಡ. ಆ ಗುಡ್ಡಕ್ಕೆ ಬೇಕಾದ ಮಣ್ಣನ್ನು ಟ್ರ್ಯಾಕಿನ ನಡುವಿನಿಂದಲೇ ಅಗೆದು ತೆಗೆದರು. ಹಳ್ಳ ಬಿದ್ದ ಕಡೆ ಲೇಕ್ ಲಾಯ್ಡ್ ಎಂಬ ಕೆರೆಯಾಯಿತು. ಡೇಟೋನಾ 500 ಅಂದರೆ ಇಲ್ಲಿನ 500 ಮೈಲಿಯ ಕಾರ್ ರೇಸ್. 1959ರಲ್ಲಿ ಅದು ಮೊದಲ ಸಲ ನಡೆದಾಗ ಗೆದ್ದದ್ದು ಯಾರು ಅಂತ ತೀರ್ಮಾನಿಸಲು ಫೋಟೋಗಳನ್ನೆಲ್ಲ ತರಿಸಿ ನೋಡಿ, ಮೂರು ದಿನದ ಮೇಲೆ ಲೀ ಪೆಟ್ಟಿ ಹೆಸರು ಹೇಳಿದರು. ಈಗಲೂ ಪ್ರತಿ ವರ್ಷ ಗೆದ್ದ ಕಾರನ್ನು ತೊಳೆಯದೆ, ಮೈಮೇಲಿನ ಕೊಳೆ, ಅಂಟಿಕೊಂಡ ಬಣ್ಣದ ಕಾಗದದ ಚೂರುಗಳ ಸಮೇತ ಒಂದು ವರ್ಷ ಪ್ರದರ್ಶನಕ್ಕೆ ಇಡುತ್ತಾರೆ. ರೇಸಿನ ಗಂಧಗಾಳಿ ಇಲ್ಲದವರೂ ಆ ಕಾರಿನ ಮುಂದೆ ನಿಂತುಬಿಡುತ್ತಾರೆ.

ರೇಸಿನ ವಾರದ ಕತೆಯೇ ಬೇರೆ. ಫೆಬ್ರವರಿಯಲ್ಲಿ ಡೇಟೋನಾ 500, ಮಾರ್ಚಿನಲ್ಲಿ ಬೈಕ್ ವೀಕ್, ಅಕ್ಟೋಬರಿನಲ್ಲಿ ಮತ್ತೆ ಬೈಕುಗಳ ಜಾತ್ರೆ. ಮಳೆ ಬಂದರೆ ಭಾನುವಾರದ ರೇಸ್ ಸೋಮವಾರಕ್ಕೆ ಹೋಗುತ್ತದೆ. 2020ರಲ್ಲಿ, 2024ರಲ್ಲಿ ಹಾಗೇ ಆಯಿತು. ಅಂಥ ದಿನ ಇಡೀ ಹೋಟೆಲು ಇನ್ನೊಂದು ರಾತ್ರಿ ಕೇಳುತ್ತದೆ, ಸೋಮವಾರ ಬರುವವರ ಬುಕಿಂಗ್ ಆಗಲೇ ಇರುತ್ತದೆ. ಅದಕ್ಕೇ ಹವಾಮಾನ ವರದಿ ಕೆಟ್ಟದಿದ್ದರೆ ಶುಕ್ರವಾರವೇ ಒಬ್ಬೊಬ್ಬರನ್ನೂ ಕೇಳಿಟ್ಟುಕೊಳ್ಳಬೇಕು.

ಇನ್ನು ರೇಸು, ಬೈಕು ಯಾವುದೂ ಗೊತ್ತಿಲ್ಲದೆ ಫೋನ್ ಮಾಡುವವರು. ಮಗುವಿಗೆ ಆರು ತಿಂಗಳು, ಶಾಂತವಾದ ರೂಮ್ ಬೇಕು, ಮಾರ್ಚ್ ಮೊದಲ ವಾರ ಅಂತಾರೆ. ಆ ವಾರ ಮೇನ್ ಸ್ಟ್ರೀಟಿನಲ್ಲಿ ಬೈಕಿನ ಸದ್ದು ನಡುರಾತ್ರಿಯಾದರೂ ನಿಲ್ಲುವುದಿಲ್ಲ. ಇದನ್ನು ಬುಕಿಂಗ್‌ಗೆ ಮುಂಚೆಯೇ ಹೇಳಬೇಕು, ಬುಕಿಂಗ್ ಕೈತಪ್ಪಿದರೂ ಸರಿ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ. ಏಪ್ರಿಲ್ ಕೊನೆಗೆ ಬನ್ನಿ ಅಂದರೆ ಎಷ್ಟೋ ಜನ ಖುಷಿಯಾಗಿ ಒಪ್ಪುತ್ತಾರೆ.

ಊಟದ ವಿಷಯದಲ್ಲಿ ಜೊತೆಗೆ ಯಾರಿದ್ದಾರೆ ಅನ್ನುವುದೇ ಮುಖ್ಯ. ಮೀನು ತಿನ್ನುವವರಿಗೆ ಇದು ಸ್ವರ್ಗ. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ, ಇಲ್ಲಿ ಸಮುದ್ರದಿಂದ ಏಳುತ್ತಾನೆ. ಸೂರ್ಯಾಸ್ತ ಬೇಕಿದ್ದರೆ ಹ್ಯಾಲಿಫ್ಯಾಕ್ಸ್ ನದಿಯ ಕಡೆ ಹೋಗಬೇಕು. ಆದ್ದರಿಂದ ಸಂಜೆಗೆ ದಕ್ಷಿಣಕ್ಕಿರುವ ಪಾನ್ಸ್ ಇನ್ಲೆಟ್ ಎಂಬ ಊರು ಹೇಳುತ್ತೇನೆ. ಮೊದಲು 1887ರ ಲೈಟ್‌ಹೌಸ್, ಮೇಲಕ್ಕೆ 203 ಮೆಟ್ಟಿಲು. ಇಳಿದು ಪಕ್ಕದ ಡೌನ್ ದ ಹ್ಯಾಚ್ ರೆಸ್ಟೋರೆಂಟಿನಲ್ಲಿ ದೋಣಿಗಳನ್ನು ನೋಡುತ್ತಾ ಊಟ. ಮಂಡಿ ನೋವಿನವರು ಜೊತೆಗಿದ್ದರೆ ಮೆಟ್ಟಿಲು ಬಿಟ್ಟು ಕೆಳಗಿನ ಮ್ಯೂಸಿಯಂ ನೋಡಲಿ, ಅದೂ ಚೆನ್ನಾಗಿದೆ.

ಸಸ್ಯಾಹಾರಿಗಳಿಗೆ ಮಾತ್ರ ನಿಧಾನವಾಗಿ ಬಿಡಿಸಿ ಹೇಳಬೇಕು. ಅಮೆರಿಕದ ದಕ್ಷಿಣ ಭಾಗದ ಅಡುಗೆಯಲ್ಲಿ ಸೊಪ್ಪು ಅಂದರೂ ಹಂದಿಮಾಂಸ ಹಾಕಿ ಬೇಯಿಸಿರುತ್ತಾರೆ, ಬೀನ್ಸಿನಲ್ಲೂ ಇರಬಹುದು. ಆಲೂಗಡ್ಡೆ ಫ್ರೈಯನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಡೆಸ್ಕಿಗೇ ಬಂದು, "ಮೀನು ಮುಟ್ಟದ ಎಣ್ಣೆ ಎಲ್ಲಿ ಸಿಗುತ್ತಪ್ಪಾ ಇಲ್ಲಿ?" ಅಂತ ಕೇಳಿದರು. "ಕೂತ್ಕೊಳ್ಳಿ ಅಜ್ಜಿ, ಕೇಳಿ ಹೇಳ್ತೀನಿ" ಅಂದು, ಅವರ ಎದುರಿಗೇ ರೆಸ್ಟೋರೆಂಟುಗಳಿಗೆ ಫೋನ್ ಮಾಡಿದೆ. ಬೆಳಗಿನ ತಿಂಡಿಗೆ ಗ್ರಿಟ್ಸ್ ಹೇಳಿದೆ. ಮೆಕ್ಕೆಜೋಳದ ರವೆಯ ಗಂಜಿ ಅದು, ಬೆಣ್ಣೆ ಸಾಕು, ಸಿಗಡಿ ಬೇಡ ಅಂತ ಮೊದಲೇ ಹೇಳಬೇಕು. ಮಾರನೇ ದಿನ ಅಜ್ಜಿ, "ಉಪ್ಪಿನಕಾಯಿ ನಂದೇ ಇತ್ತು, ಚೆನ್ನಾಗಿ ಹೊಂದ್ತು" ಅಂದರು. ಅವತ್ತಿನಿಂದ ಯಾವ ಅಡುಗೆಮನೆಯಲ್ಲಿ ಎಣ್ಣೆ ಬೇರೆ, ಯಾವುದರಲ್ಲಿ ಒಂದೇ ಅಂತ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅಡುಗೆಯವರು ಬದಲಾದರೆ ರೂಢಿಯೂ ಬದಲಾಗುತ್ತದೆ, ಆಗಾಗ ಮತ್ತೆ ಕೇಳುತ್ತಿರಬೇಕು.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಬೆಳಕು ಕಂಡರೆ ಮರಿಗಳು ಸಮುದ್ರ ಬಿಟ್ಟು ಹೋಟೆಲಿನ ಕಡೆ ತಿರುಗುತ್ತವೆ. ಸಮುದ್ರದ ಕಡೆಯ ರೂಮ್ ಕೊಡುವಾಗ ರಾತ್ರಿ ಪರದೆ ಎಳೆದುಕೊಳ್ಳಿ ಅಂತ ಕಾರಣ ಸಮೇತ ಹೇಳುತ್ತೇವೆ. ಕಾರಣ ಗೊತ್ತಾದರೆ ಮಕ್ಕಳೇ ಓಡಿಹೋಗಿ ಎಳೆಯುತ್ತಾರೆ.

ಕೊನೆಯದಾಗಿ ಬಾವುಟ. ಲೈಫ್‌ಗಾರ್ಡ್ ಗೋಪುರದಲ್ಲಿ ಕೆಂಪು ಬಾವುಟ ಇದ್ದರೆ ನೀರು ಅಪಾಯ, ಎರಡು ಕೆಂಪು ಇದ್ದರೆ ಇಳಿಯಲೇಬಾರದು. ಇಲ್ಲಿ ದಡದಿಂದ ಸಮುದ್ರದ ಕಡೆಗೆ ಎಳೆಯುವ ಸೆಳೆತ ಜಾಸ್ತಿ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತ ದಾಟಬೇಕು, ಆಮೇಲೆ ದಡಕ್ಕೆ ಬರಬೇಕು. ಇಷ್ಟು ಹೇಳದೆ ಯಾರಿಗೂ ಕೀ ಕೊಡಬೇಡಿ ಅಂತ ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ, ಹಿಂದೆ ಎಷ್ಟೇ ಉದ್ದದ ಸಾಲಿದ್ದರೂ.