12,999ರ ಬೆಲೆ, 15,000ದ ಗೆರೆ

ನಾನು ದುಡಿಯುವ ಕಂಪನಿ ಬಿಲ್ಲಿಂಗ್ ತಂತ್ರಾಂಶವನ್ನು ಚಂದಾ ಲೆಕ್ಕದಲ್ಲಿ ಮಾರುತ್ತದೆ. ಮನೆಯಿಂದಲೇ ಸಣ್ಣ ವ್ಯವಹಾರ ನಡೆಸುವವರಿಗೆ ತೆರಿಗೆ ಸೇರಿ ತಿಂಗಳಿಗೆ 199 ರೂಪಾಯಿ. ನೋಂದಾಯಿತ ವ್ಯಾಪಾರಿಗಳಿಗೆ ವರ್ಷಕ್ಕೆ 12,999 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಮೊದಲನೆಯವರು ಜೇಬಿನಿಂದ ಹೋಗುವ ಒಟ್ಟು ಹಣವನ್ನು ನೋಡುತ್ತಾರೆ, ಎರಡನೆಯವರು ಶೇ. 18ರ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಮರಳಿ ಪಡೆಯುವುದರಿಂದ ಮೂಲ ಬೆಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯ ಸಣ್ಣ ವ್ಯಾಪಾರಿಗಳಿಗೆ ಆ ಭಾಗ್ಯವಿಲ್ಲ ಎಂಬುದನ್ನು ಸೇಲ್ಸ್‌ನವರು ಇಂದಿಗೂ ಮರೆಯುತ್ತಾರೆ.

12,499 ಇರಲೋ 12,999 ಇರಲೋ ಎಂದು ಮಧ್ಯಾಹ್ನವಿಡೀ ವಾದಿಸಿದ ನಮ್ಮಲ್ಲಿ ಯಾರೂ ಆ ಸಂಖ್ಯೆಯನ್ನು 1.18ರಿಂದ ಗುಣಿಸಿ ನೋಡಲಿಲ್ಲ. ಮೊದಲ ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮರುವರ್ಷ ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗಿ ಆಗಬೇಕಿದ್ದ ವ್ಯಾಪಾರಿಗಳ ನವೀಕರಣಗಳು ಸಾಲಾಗಿ ಫೇಲ್ ಆಗಿ ಅವರ ಖಾತೆಗಳು ಲಾಕ್ ಆಗತೊಡಗಿದಾಗ ನಾನು ಪಾವತಿಗಳನ್ನು ಸಾಗಿಸುವ ಗೇಟ್‌ವೇಯನ್ನೇ ದೂರಿ ಟಿಕೆಟ್ ಹಾಕಿ ಕುಳಿತೆ.

ಅಷ್ಟರಲ್ಲಿ ತಿಂಗಳ 11ನೇ ತಾರೀಖು, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. ಸಂಜೆ ದಾವಣಗೆರೆಯ ಸಗಟು ಅಂಗಡಿಯೊಂದರ ಅಕೌಂಟೆಂಟ್ ಕರೆ ಮಾಡಿದರು: "ಸರ್, ನಿಮ್ಮ ದುಡ್ಡು ನಾವು ಇಟ್ಕೊಂಡಿಲ್ಲ, ಬ್ಯಾಂಕೇ ಕಟ್ ಮಾಡಿಲ್ಲ. ಮೊದ್ಲು ಲಾಕ್ ತೆಗೀರಿ." ಅವರನ್ನು ಲೈನಿನಲ್ಲಿ ಕಾಯಿಸಿಕೊಂಡೇ ಲಾಗ್ ತೆರೆದೆ, ಕಡಿತವಾಗಬೇಕಿದ್ದ ಮೊತ್ತ 15,338.82 ರೂಪಾಯಿ ಎಂದಿತ್ತು. ಅದನ್ನು ಓದಿದ ಮೇಲೆ ಗೇಟ್‌ವೇಯವರಿಗೆ ಹೇಳಲು ನನ್ನ ಬಳಿ ಏನೂ ಉಳಿಯಲಿಲ್ಲ.

ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಒಟಿಪಿ ಇಲ್ಲದೆ ಆಗುವ ಕಾರ್ಡ್ ಆಟೋ ಡೆಬಿಟ್‌ನ ಮಿತಿಯನ್ನು 5,000ದಿಂದ 15,000 ರೂಪಾಯಿಗೆ ಏರಿಸಿತು; ನಮ್ಮಂಥ ಚಂದಾಗಳಲ್ಲಿ ಅದನ್ನು ಮೀರಿದ ಪ್ರತಿ ಕಡಿತಕ್ಕೂ ಗ್ರಾಹಕರು ಒಟಿಪಿ ಕೊಡಲೇಬೇಕು. ಮೊದಲ ಪಾವತಿ ಹೇಗಿದ್ದರೂ ಒಟಿಪಿಯ ಮೂಲಕವೇ ಆಗುವುದರಿಂದ ನಮ್ಮ ತಪ್ಪು ವರ್ಷವಿಡೀ ಕಣ್ಣಿಗೆ ಬೀಳಲಿಲ್ಲ. ಎರಡನೆಯ ಸಲ ಬ್ಯಾಂಕಿನ ಒಪ್ಪಿಗೆಯ ಲಿಂಕ್ ಹೋದದ್ದು ಕಾರ್ಡ್ ಹೊಂದಿರುವ ಮಾಲೀಕರ ಮೊಬೈಲಿಗೆ, ನಮ್ಮ ನೆನಪೋಲೆ ಹೋದದ್ದು ಅಕೌಂಟೆಂಟರ ಮೇಲ್‌ಗೆ. ಮಾಲೀಕರು ಆ ಲಿಂಕನ್ನು ವಂಚಕರದ್ದೆಂದು ಭಾವಿಸಿ ಅಳಿಸಿದ್ದರು. ಹಾಗೆ ಮಾಡಬೇಕೆಂದೇ ಎಲ್ಲರೂ ಅವರಿಗೆ ಹೇಳಿಕೊಟ್ಟಿರುವುದು.

ಅಂದು ರಾತ್ರಿಯೇ ಲಾಕ್ ಆದ ಖಾತೆಗಳನ್ನೆಲ್ಲ ತೆರೆದು ಪಾವತಿಗೆ ಒಂದು ವಾರದ ಗಡುವು ಕೊಟ್ಟೆವು. ಬೆಲೆಯನ್ನು 12,699ಕ್ಕೆ ಇಳಿಸಿದ್ದರಿಂದ ತೆರಿಗೆ ಸೇರಿದರೂ 14,984.82 ಆಗುತ್ತದೆ. ಪ್ರತಿ ಗ್ರಾಹಕರಿಗೂ 300 ರೂಪಾಯಿ ಬಿಟ್ಟುಕೊಟ್ಟೆವೆಂದು ಮುಖ್ಯಸ್ಥರು ಗೊಣಗಿದರು. ಮರುತಿಂಗಳೇ, ಹೆಚ್ಚುವರಿ ಬಳಕೆದಾರರ ಶುಲ್ಕ 499 ರೂಪಾಯಿಯನ್ನು ಅದೇ ವಾರ್ಷಿಕ ಇನ್‌ವಾಯ್ಸ್‌ಗೆ ಸೇರಿಸುವಂತೆ ಅವರಿಂದಲೇ ಮೇಲ್ ಬಂತು. ಉತ್ತರವಾಗಿ ಗುಣಾಕಾರವನ್ನಷ್ಟೇ ಬರೆದು ಕಳಿಸಿದೆ. ಆ ಶುಲ್ಕಕ್ಕೆ ಈಗ ಬೇರೆಯೇ ಬಿಲ್ ಹೋಗುತ್ತಿದೆ.