ಅಕ್ಕಾವರೇ, ನಿಮಗೇನು ಕಡಿಮೆಯಾಗಿದೆ?

ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿಸಿಕೊಂಡಿದ್ದೇನೆ, ಬಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೆ, ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತಾಗಲೂ ಕೇಳಿಸಿಕೊಂಡಿದ್ದೇನೆ. ಒಮ್ಮೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಅಲ್ಲಿದ್ದ ನರ್ಸ್ ಕೇಳಿದಳು. ಪಾಪ, ನನ್ನ ಹಳೆಯ ವಿದ್ಯಾರ್ಥಿನಿ. ಪೂರ್ತಿ ಪ್ರಶ್ನೆ ಹೀಗಿರುತ್ತದೆ: ಪೆನ್ಶನ್ ಬರುತ್ತದೆ, ಧಾರವಾಡದ ಮಾಳಮಡ್ಡಿಯಲ್ಲಿ ಸ್ವಂತ ಮನೆ ಇದೆ, ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ; ಇಷ್ಟಿದ್ದೂ ಇನ್ನೊಬ್ಬರು ಉಟ್ಟು ಬಿಟ್ಟ ಸೀರೆಯನ್ನು ದುಡ್ಡು ಕೊಟ್ಟು ತಂದು ಉಡುತ್ತೀರಲ್ಲ, ನಿಮಗೇನು ಕಡಿಮೆಯಾಗಿದೆ?

ಪ್ರತಿ ಸಲವೂ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನನಗೆ ಅರವತ್ತೇಳು. ಒಂದು ಸಲ ಬರೆದಿಟ್ಟುಬಿಟ್ಟರೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ನಿವೃತ್ತಳಾದ ದಿನ ಶಾಲೆಯವರು, ಬೀಗರು, ಓಣಿಯವರು ಸೇರಿ ನನಗೆ ಹನ್ನೊಂದು ಸೀರೆ ಉಡುಗೊರೆ ಕೊಟ್ಟರು. ಅವುಗಳಲ್ಲಿ ಏಳನ್ನು ನಾನು ಒಮ್ಮೆಯೂ ಉಡಲೇ ಇಲ್ಲ. ಹೊಸ ಸೀರೆ ಉಟ್ಟ ದಿನ ನಾನು ಅದರ ಕಾವಲುಗಾರ್ತಿಯಾಗಿಬಿಡುತ್ತೇನೆ. ಕಟ್ಟೆಯ ಮೇಲೆ ಕುಳಿತುಕೊಳ್ಳುವ ಮೊದಲು ಕರವಸ್ತ್ರದಿಂದ ಒರೆಸಬೇಕು. ಊಟದ ಪಂಕ್ತಿಯಲ್ಲಿ ಸಾರು ಬಡಿಸುವ ಹುಡುಗ ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮೊಮ್ಮಗನ ಗೋಲಿ ಹುಡುಕುವುದಂತೂ ದೂರದ ಮಾತು. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಕರ್ನಾಟಕ ಕಾಲೇಜಿನ ಮೈದಾನದ ಕಡೆಗೆ ನಡೆಯುವವಳು. ವಾರಕ್ಕೆರಡು ದಿನ ಇಬ್ಬರು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ, ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಬೆಳೆಯುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡುವುದು ನಿಂತ ಮೇಲೆ ಗದಗಿನ ತಂಗಿಯ ಮನೆಗೆ ಹೋಗುವುದೂ ಹೆಚ್ಚಾಗಿದೆ. ಇಷ್ಟೆಲ್ಲ ಓಡಾಡುವವಳಿಗೆ ಮೈಮೇಲೆ ಭಯ ಹುಟ್ಟಿಸದ ಬಟ್ಟೆ ಬೇಕು. ಯಾರೋ ಇಪ್ಪತ್ತು ವರ್ಷ ಉಟ್ಟು, ಒಗೆದು, ಗಂಜಿಯೆಲ್ಲ ಬಿಡಿಸಿ, ಮೆತ್ತಗೆ ಮಾಡಿಕೊಟ್ಟ ಇಳಕಲ್ ಸೀರೆಗಿಂತ ಅದಕ್ಕೆ ಒಳ್ಳೆಯದು ಇನ್ನೊಂದನ್ನು ನಾನು ಕಂಡಿಲ್ಲ.

ಇದು ನನ್ನ ಉತ್ತರ. ಹಣ ಉಳಿಯುತ್ತದೆ ಎನ್ನುವುದು ನಿಜ, ಆದರೆ ಅದು ಎರಡನೆಯ ಮಾತು.

ಎಲ್ಲಿಂದ ತರುತ್ತೀರಿ ಎಂಬುದು ಇದರ ಬಾಲದಲ್ಲೇ ಬರುವ ಪ್ರಶ್ನೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಓಣಿಗೆ ಬರುತ್ತಾರಲ್ಲ, ಅವರಿಂದ. ಉಳಿದವರು ಅವರಿಗೆ ಸೀರೆ ಕೊಟ್ಟು ಡಬ್ಬಿ ಕೊಂಡರೆ ನಾನು ಹಣ ಕೊಟ್ಟು ಸೀರೆ ಕೊಳ್ಳುತ್ತೇನೆ. ಮೊದಲ ಸಲ ಕೇಳಿದಾಗ ಆಕೆ ನನಗೆ ಬುದ್ಧಿ ಸರಿಯಿಲ್ಲ ಎಂದೇ ತಿಳಿದಿದ್ದಳು. ಈಗ ಬಾಗಿಲಿಗೆ ಬಂದು ಗಂಟು ಬಿಚ್ಚಿ, "ಇದು ನಿಮಗೆ ಬೇಕಾಗುವಂಥದ್ದು" ಎಂದು ತಾನೇ ಆರಿಸಿ ಕೊಡುತ್ತಾಳೆ. ಹತ್ತಿಯದ್ದಕ್ಕೆ ನೂರು, ನೂರೈವತ್ತು ಕೊಡುತ್ತೇನೆ. ಕಸೂತಿ ಇದ್ದರೆ ಆಕೆ ಹೇಳಿದಷ್ಟು. ಇದಲ್ಲದೆ ನಾವು ಆರು ಜನ ಗೆಳತಿಯರು ಯುಗಾದಿಗೂ ದಸರೆಗೂ ಮೊದಲು ಒಂದು ಮಧ್ಯಾಹ್ನ ಸೇರಿ, ಉಟ್ಟು ಬೇಸರವಾದದ್ದನ್ನು ಅದಲು ಬದಲು ಮಾಡಿಕೊಳ್ಳುತ್ತೇವೆ. ಅಲ್ಲಿ ಜಗಳವೂ ಆಗುತ್ತದೆ.

ಹಳೆಯದನ್ನು ನೋಡಿ ತೆಗೆದುಕೊಳ್ಳುವುದು ಹೊಸದನ್ನು ಕೊಳ್ಳುವುದಕ್ಕಿಂತ ಕಷ್ಟದ ವಿದ್ಯೆ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಅಂಗಡಿಯವರು ಸೀರೆಯನ್ನು ಬೀಸಿ ಹಾಸಿದರೆ ನಾವು ಬಣ್ಣಕ್ಕೆ ಮರುಳಾಗುತ್ತೇವೆ. ಹಳೆಯದರಲ್ಲಿ ಬಣ್ಣ ಕೊನೆಯ ವಿಷಯ. ನಾನು ಮೊದಲು ಸೀರೆಯ ನಡುಭಾಗವನ್ನು ಬಿಸಿಲಿಗೆ ಹಿಡಿಯುತ್ತೇನೆ. ಕುಳಿತೆದ್ದು ಸವೆದ ಜಾಗ ಅದು. ಅಲ್ಲಿ ಬೆಳಕು ಜರಡಿಯ ಹಾಗೆ ಕಂಡರೆ ಒಡಲು ಮುಗಿದಿದೆ ಎಂದರ್ಥ. ಆಮೇಲೆ ಹಿಮ್ಮಡಿಗೆ ತಾಗುವ ಕೆಳ ಅಂಚು. ಆಮೇಲೆ ಎರಡು ಹೆಬ್ಬೆರಳ ನಡುವೆ ಬಟ್ಟೆ ಹಿಡಿದು ಅಡ್ಡಕ್ಕೆ ಮೆಲ್ಲಗೆ ಎಳೆಯುತ್ತೇನೆ. ಚರ್ ಎಂದರೆ ವಾಪಸ್ಸು. ಅಚ್ಚ ರೇಷ್ಮೆಯದಾದರೆ ಮಡಿಕೆಗಳನ್ನು ನೋಡಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಟ್ರಂಕಿನಲ್ಲಿದ್ದ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ. ಇದನ್ನು ನಾನು ಕಲಿತದ್ದು ಒಂದು ಮದುವೆಯ ಅಕ್ಷತೆಯ ಹೊತ್ತಿನಲ್ಲಿ. ಬಗ್ಗಿ ಎದ್ದಾಗ ಮಂಡಿಯಿಂದ ಕೆಳಗೆ ನೇರ ಗೆರೆ ಎಳೆದ ಹಾಗೆ ಹರಿಯಿತು. ಉಳಿದ ಮದುವೆಯನ್ನು ಕುರ್ಚಿಯಲ್ಲಿ ಕುಳಿತೇ ನೋಡಿದೆ, ಊಟವನ್ನೂ ಅಲ್ಲಿಗೇ ತರಿಸಿಕೊಂಡೆ. ಮಂಡಿನೋವು ಎಂದೆ, ಎಲ್ಲರೂ ನಂಬಿದರು.

ಇಳಕಲ್ ಸೀರೆಯಲ್ಲಿ ಒಂದು ವಿಶೇಷವಿದೆ. ಅದರ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಕೆಂಪು ಮೂರು ಪಟ್ಟಿ, ನಡುವೆ ಬಿಳಿ ಎರಡು ಪಟ್ಟಿ ಇರುವ ಟೋಪ್ ತೆನಿ ಸೆರಗು ಅದು. ಇದರಿಂದಾಗಿ ಎರಡು ಭಾಗಗಳ ಆಯುಷ್ಯ ಬೇರೆ ಬೇರೆ. ದಿನವೂ ತಿಕ್ಕಾಟ ತಿನ್ನುವ ಒಡಲು ಮೊದಲು ಹೋಗುತ್ತದೆ, ಸೆರಗು ಉಳಿಯುತ್ತದೆ. ಒಡಲು ಹೋದ ಸೀರೆಯ ಸೆರಗನ್ನು ಬಿಡಿಸಿ ನಾನು ಸಾದಾ ಹತ್ತಿ ಸೀರೆಗೆ ಹಚ್ಚಿದ್ದೇನೆ. ಕುಪ್ಪಸದ ತೋಳಿಗೂ ಹಚ್ಚಿದ್ದೇನೆ, ಚೀಲವನ್ನೂ ಹೊಲಿದಿದ್ದೇನೆ.

ಕಸೂತಿ ಇದ್ದರೆ ತಿರುಗಿಸಿ ಹಿಂಬದಿ ನೋಡಿ. ನಮ್ಮ ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವಂಥದ್ದು, ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಹಿಂದೆ ಮುಂದೆ ಒಂದೇ ರೀತಿ ಕಾಣುತ್ತದೆ. ಹಿಂಬದಿಯಲ್ಲಿ ಬಿಳಿ ದಾರದ ಜಾಲ, ಅಂಟಿಸಿದ ಕಾಗದದಂಥ ಅರಿವೆ ಕಂಡರೆ ಅದು ಯಂತ್ರದ ಕೆಲಸ. ಅದಕ್ಕೆ ಕೈಗೆಲಸದ ದರ ಕೊಡಬೇಡಿ.

ಇನ್ನು ವಯಸ್ಸಾದವರಿಗೆ ಹೊಂದುವಂತೆ ಅದನ್ನು ತಿದ್ದಿಕೊಳ್ಳುವ ಮಾತು. ಹಿಂದಿನವರ ಸೀರೆ ಹದಿನೆಂಟು ಮೊಳ, ಅಂದರೆ ಒಂಬತ್ತು ಗಜ. ಅವರು ಕಚ್ಚೆ ಹಾಕಿ ಉಟ್ಟು ಹೊಲದಲ್ಲಿ ಕಳೆ ತೆಗೆದರು, ಗಾಡಿ ಹತ್ತಿದರು. ಅದಕ್ಕಿಂತ ಓಡಾಟದ ಉಡುಪು ಬೇಕೆ? ಆದರೆ ನನಗೆ ಕಚ್ಚೆ ಬರುವುದಿಲ್ಲ, ಕಲಿಯುವ ಹಟವೂ ಇಲ್ಲ. ಹಾಗಾಗಿ ಸೆರಗಿನ ಕಡೆಯಿಂದ ಅಳೆದು ಐದೂವರೆ ಮೀಟರ್ ಇಟ್ಟುಕೊಂಡು ಒಳತುದಿಯನ್ನು ಕತ್ತರಿಸುತ್ತೇನೆ. ಉಳಿಯುವ ಎರಡೂಮುಕ್ಕಾಲು ಮೀಟರಿನಲ್ಲಿ ಮೊಣಕೈ ಕೆಳಗಿನವರೆಗೆ ತೋಳಿರುವ, ಮಂಡಿ ದಾಟುವ ಒಂದು ಸಡಿಲ ಜುಬ್ಬಾ ಆಗುತ್ತದೆ. ಕೆಳಗೆ ಸಲ್ವಾರ್, ಕಾಲಿಗೆ ಬೂಟು, ಬೆಳಗಿನ ನಡಿಗೆಗೆ ಅದೇ. ಮೊದಲ ವಾರ ಓಣಿಯವರು ಕಿಟಕಿಯಿಂದ ನೋಡಿದರು. ಎರಡನೆಯ ವಾರ ಎದುರು ಮನೆಯವರು ಅಳತೆ ಕೇಳಿದರು.

ಸೀರೆಯನ್ನು ಪಾದಕ್ಕಿಂತ ಎರಡು ಬೆರಳು ಮೇಲೆ ನಿಲ್ಲುವಂತೆ ಉಡಿ. ನಿರಿಗೆ ಎಡವಿ ಬಸ್ಸಿನ ಮೆಟ್ಟಿಲಲ್ಲಿ ಬಿದ್ದವರನ್ನು ನಾನು ಬಲ್ಲೆ. ನಮ್ಮ ವಯಸ್ಸಿನಲ್ಲಿ ಸೊಂಟದ ಮೂಳೆಗೆ ರಫೂ ಹಾಕುವುದು ಸುಲಭವಲ್ಲ. ಫಾಲ್ ಹಚ್ಚುವ ಮೊದಲು ಅದನ್ನು ನೀರಿನಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸೀರೆಯ ಅಂಚು ಸುಕ್ಕಾಗುತ್ತದೆ. ಒಳಲಂಗಕ್ಕೆ ಬಲಗಡೆ ಒಂದು ಜೇಬು ಹೊಲಿಸಿಕೊಳ್ಳಿ. ನಮ್ಮಜ್ಜಿಯ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇರುತ್ತಿತ್ತು. ನನ್ನ ಜೇಬಿನಲ್ಲಿ ಆಧಾರ್ ಕಾರ್ಡು, ಬೀಗದ ಕೈ, ಎರಡು ಏಲಕ್ಕಿ ಇರುತ್ತವೆ. ಗದಗಿಗೆ ಹೋಗುವ ದಿನ ಮಾತ್ರ ಬಿಳಿ, ಕೆನೆ ಬಣ್ಣದವನ್ನು ಉಡುವುದಿಲ್ಲ. ಅಣ್ಣಿಗೇರಿಯ ಆಚೆಗೆ ಎರೆ ಮಣ್ಣು. ಮಳೆಗಾಲದಲ್ಲಿ ಅದು ಅಂಚಿಗೆ ಅಂಟಿದರೆ ಸೀರೆಯೊಂದಿಗೇ ಹೋಗಬೇಕು.

ಮೈಲಿಗೆಯ ಪ್ರಶ್ನೆಯೂ ಬರುತ್ತದೆ: "ಯಾರದೋ ಏನೋ, ಸತ್ತವರದ್ದಿದ್ದರೆ?" ಇರಬಹುದು. ಹತ್ತಿಯದಾದರೆ ಕುದಿಯುವ ನೀರು, ರೇಷ್ಮೆಯದಾದರೆ ಅಂಟುವಾಳದ ನೊರೆ ಮತ್ತು ನೆರಳು. ಅಷ್ಟಾದ ಮೇಲೆ ನನಗೆ ಸಂಶಯ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಸುತ್ತುವುದೇ ಅಜ್ಜಿಯ ಹಳೆಯ ಪತ್ತಲದಲ್ಲಿ. ಚಳಿಗಾಲದಲ್ಲಿ ಮೂಗಿನವರೆಗೆ ಎಳೆದುಕೊಳ್ಳುವ ಕೌದಿಯೊಳಗೆ ಎಷ್ಟು ಜನರ ಸೀರೆಗಳಿವೆಯೋ ಯಾರು ಲೆಕ್ಕ ಇಟ್ಟಿದ್ದಾರೆ? ಕುಪ್ಪಸ ಮತ್ತು ಒಳ ಉಡುಪನ್ನು ಮಾತ್ರ ನಾನು ಹಳೆಯದು ತರುವುದಿಲ್ಲ.

ಆದರೆ ಒಂದು ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಅದನ್ನು ಕೇಳಿದ್ದು ನಮ್ಮ ಮನೆಗೆಲಸಕ್ಕೆ ಬರುವವಳು. "ಅಕ್ಕಾವರೇ, ಹಳೆಯದನ್ನು ನೀವೇ ಉಟ್ಟುಬಿಟ್ಟರೆ ನಮಗೆ ಏನು ಸಿಗಬೇಕು?" ಪಾತ್ರೆ ತಿಕ್ಕುತ್ತಲೇ ಕೇಳಿದಳು, ತಲೆಯೆತ್ತಲಿಲ್ಲ. ಹಳೆಯದನ್ನು ಉಡುವುದು ನನಗೆ ಒಂದು ಅಭಿರುಚಿ, ಊರಿನಲ್ಲಿ ಹೇಳಿಕೊಳ್ಳುವ ಮಾತು. ಅವಳಿಗೆ ಅದು ಹುಟ್ಟಿದಂದಿನಿಂದ ಬಂದದ್ದು. ಮರುವಾರ ಆ ಹನ್ನೊಂದರಲ್ಲಿ ಉಳಿದಿದ್ದ ಏಳು ಸೀರೆಗಳನ್ನು ಮಂಚದ ಮೇಲೆ ಹರಡಿ, ಬೇಕಾದದ್ದನ್ನು ಆರಿಸಿಕೋ ಎಂದೆ. ಅವಳು ಯಾವ ಸಂಕೋಚವೂ ಇಲ್ಲದೆ ಎಲ್ಲಕ್ಕಿಂತ ದುಬಾರಿಯದನ್ನು ಎತ್ತಿಕೊಂಡಳು. ನನ್ನ ಸೊಸೆಯ ಮುಖ ನೋಡಬೇಕಿತ್ತು. ಅಂದಿನಿಂದ ದೀಪಾವಳಿಗೆ ಅವಳಿಗೆ ಅಂಗಡಿಯ ಹೊಸ ಸೀರೆಯೇ, ಅವಳದೇ ಆಯ್ಕೆ. ಈಗ ನನ್ನ ಪಾಲಿನ ಹಳೆಯದಕ್ಕೆ ಅವಳು ತಕರಾರು ಮಾಡುವುದಿಲ್ಲ. ಹಾಗೆಂದು ಆ ಪ್ರಶ್ನೆ ತೀರಿತು ಎಂದು ನಾನು ಹೇಳುವುದಿಲ್ಲ.

ಕಳೆದ ಮಾಘದಲ್ಲಿ ಗದಗಿನ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ರಮವಿತ್ತು. ನಾನು ಪಾತ್ರೆಯವಳಿಂದ ತಂದ ಕಪ್ಪು ಚಂದ್ರಕಾಳಿ ಸೀರೆ ಉಟ್ಟಿದ್ದೆ. ಅದರ ಸೆರಗಿನ ಹತ್ತಿರ ಕಸೂತಿಯ ತೇರು ಇದೆ, ಆದರೆ ತೇರಿಗೆ ಒಂದೇ ಗಾಲಿ. ಎರಡನೆಯದರ ಜಾಗ ಖಾಲಿ. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವರು ಎದ್ದು ಬಂದು, ಕೇಳದೆ ಸೆರಗು ಹಿಡಿದು, ಮೊದಲು ಹಿಂಬದಿ ತಿರುಗಿಸಿದರು. ಬೆರಳಿನಿಂದ ಆ ಖಾಲಿ ಜಾಗ ಸವರಿದರು.

"ತಂಗಿ, ಇದು ನಿನಗೆ ಎಲ್ಲಿ ಸಿಕ್ಕಿತು?"

ಹೇಳಿದೆ. ಆ ಕಸೂತಿ ಅವರದೇ ಕೈಯದಂತೆ; ಎರಡನೆಯ ಗಾಲಿ ಹಾಕುವಷ್ಟರಲ್ಲಿ ಹಿರಿಯ ಮಗನ ಹೆರಿಗೆನೋವು ಬಂದಿತಂತೆ. ಆಮೇಲೆ ಕೂರಲು ಪುರುಸೊತ್ತಾಗಲಿಲ್ಲ. ಧಾರವಾಡದ ಕಿರಿಯ ಮಗನ ಮನೆಯಲ್ಲಿಟ್ಟಿದ್ದ ಟ್ರಂಕಿನ ಆ ಸೀರೆಯನ್ನು ಸೊಸೆ ಒಂದು ಸ್ಟೀಲಿನ ಡಬ್ಬಿಗೆ ಕೊಟ್ಟದ್ದು ಇವರಿಗೆ ಗೊತ್ತಾದದ್ದು ಡಬ್ಬಿಯಲ್ಲಿ ಅವಲಕ್ಕಿ ತುಂಬಿದ ಮೇಲೆ. ನನಗೆ ಕೈಕಾಲು ತಣ್ಣಗಾಯಿತು. ವಾಪಸ್ಸು ಕೊಡುತ್ತೇನೆ ಎಂದೆ. ಅವರು ಸೀರೆಯ ಉದ್ದವನ್ನು ಕಣ್ಣಿನಲ್ಲೇ ಅಳೆದರು.

"ಹದಿನೆಂಟು ಮೊಳ ಇತ್ತಲ್ಲ, ಉಳಿದದ್ದು?"

"ಜುಬ್ಬಾ ಮಾಡಿಸಿದ್ದೇನೆ, ಅಜ್ಜಿ. ಬೆಳಿಗ್ಗೆ ಹಾಕಿಕೊಂಡು ನಡೆಯುತ್ತೇನೆ."

"ಜುಬ್ಬಾ!" ಎಂದು ಬಾಯಿಗೆ ಸೆರಗು ಹಿಡಿದರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಕೊಟ್ಟರೆ ಮತ್ತೆ ಟ್ರಂಕಿಗೇ ಹೋಗುತ್ತದೆ, ಉಟ್ಟುಕೋ ಎಂದರು. ನನ್ನ ಮೊಬೈಲ್ ನಂಬರನ್ನು ಮೊಮ್ಮಗಳಿಂದ ಬರೆಸಿಕೊಂಡರು.

ಮೊನ್ನೆ ಕರೆ ಬಂದಿತ್ತು. ಇನ್ನೂ ಎರಡು ಸೀರೆಗಳಿವೆಯಂತೆ, ಒಂದರಲ್ಲಿ ಗೋಪುರ, ಒಂದರಲ್ಲಿ ಪಲ್ಲಕ್ಕಿ, ಎರಡೂ ಪೂರ್ತಿಯಾದವು. ಪಾತ್ರೆಯವಳು ಬರುವುದರೊಳಗೆ ನೀನು ಬಾ ಎಂದಿದ್ದಾರೆ. ಹಣ ಬೇಡವಂತೆ, ಅರ್ಧ ಕಿಲೋ ಧಾರವಾಡ ಪೇಡೆ ತರಬೇಕಂತೆ, ಸೊಸೆಗೆ ಕಾಣದ ಹಾಗೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೋ ಏನೋ, ನಾನು ಕೇಳಲಿಲ್ಲ. ಶುಕ್ರವಾರ ಹೋಗುತ್ತಿದ್ದೇನೆ.